ಎಡಕ್ಕೆ ಎಳೆಯುವ ಸೈಕಲ್ಲು

ಇಪ್ಪತ್ತೆರಡು ವರ್ಷ ಸುತ್ತಮುತ್ತಲ ಹಳ್ಳಿಗಳ ಎತ್ತಿನಗಾಡಿಗಳಿಗೆಲ್ಲ ಗಾಲಿ ಮಾಡಿಕೊಟ್ಟ ಮೌನೇಶನಿಗೆ ಸೈಕಲ್ಲು ತುಳಿಯಲು ಬರುತ್ತಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಏಳನೇ ಕ್ಲಾಸಿನವರೆಗೆ ಅವನ ಪಕ್ಕದಲ್ಲೇ ಕೂತು ಓದಿದ ನನಗೇ ಅದು ಗೊತ್ತಾದದ್ದು ನಮ್ಮಿಬ್ಬರಿಗೂ ನಲವತ್ತೆರಡು ತುಂಬಿದ ಮೇಲೆ, ತೊಂಬತ್ನಾಲ್ಕರ ಆಷಾಢದಲ್ಲಿ. ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಅವನು ಎಷ್ಟು ದೂರವಾದರೂ ನಡೆದೇ ಹೋಗುತ್ತಿದ್ದ. ನಡೆಯುವುದು ಅವನಿಗೆ ಇಷ್ಟ ಎಂದುಕೊಂಡಿದ್ದೆ. ಹತ್ತಿರದವರ ವಿಷಯದಲ್ಲಿ ನಾವು ಹೀಗೇ, ಕೇಳುವುದೇ ಇಲ್ಲ.

ನಮ್ಮೂರು ಬೂಕನಕೆರೆಯಿಂದ ಒಂದೂವರೆ ಮೈಲಿ. ಊರ ಹಾಲಿನ ಡೈರಿಯಿಂದ ದಿಣ್ಣೆಯ ಕಡೆಗೆ ನಾಲ್ಕು ಮನೆ ದಾಟಿದರೆ ಮೌನೇಶನ ಚಪ್ಪರ. ಎಲ್ಲರೂ ಅವನನ್ನು ಗಾಲಿ ಆಚಾರಿ ಎನ್ನುತ್ತಿದ್ದರು. ಕರಿಜಾಲಿ ದಿಮ್ಮಿಗಳನ್ನು ಕೆರೆಯ ಕೆಸರಿನಲ್ಲಿ ಹೂತಿಟ್ಟು, ತೆಗೆದು, ನೆರಳಲ್ಲಿ ಒಣಗಿಸಿ, ಆಮೇಲೆ ಮರ ಕೆತ್ತುವ ಬಾಚಿ ಮುಟ್ಟಿಸುವವನು. ನಡುವಿನ ಗುಂಬ ಕಡೆದು, ಅದಕ್ಕೆ ಕಡ್ಡಿಗಳ ಹಾಗೆ ಹನ್ನೆರಡು ಅರೆಕಾಲು ಕೂರಿಸಿ, ಹೊರಸುತ್ತು ಜೋಡಿಸಿ, ಕೆಂಪಗೆ ಕಾದ ಕಬ್ಬಿಣದ ಪಟ್ಟಿ ಏರಿಸಿ ನೀರು ಹುಯ್ಯುವ ದಿನ ಅವನ ಚಪ್ಪರದಿಂದ ಏಳುವ ಹಬೆ ಡೈರಿಯವರೆಗೆ ಬರುತ್ತಿತ್ತು. ಆದರೆ ಗಿರಾಕಿ ಅಷ್ಟಕ್ಕೇ ಗಾಲಿ ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ. ಮೌನೇಶ ಗಾಲಿಯನ್ನು ಇಳಿಜಾರಿನಲ್ಲಿ ಉರುಳಬಿಟ್ಟು, ಕಣ್ಣು ಮುಚ್ಚಿಕೊಂಡು, ಅದು ಉರುಳುವ ಸದ್ದು ಕೇಳುತ್ತ ನಿಲ್ಲುತ್ತಿದ್ದ. ಸದ್ದು ಒಪ್ಪಿಗೆಯಾಗದಿದ್ದರೆ ‘ಇನ್ನೂ ವಸಿ ಅದೆ’, ಅಂದರೆ ಇನ್ನೂ ಸ್ವಲ್ಪ ಕೆಲಸವಿದೆ, ಎಂದು ವಾಪಸು ಒಳಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಗಿರಾಕಿ ಬೈದುಕೊಂಡು ಮನೆಗೆ ಹೋಗುತ್ತಿದ್ದ, ಮುಂದಿನ ವಾರ ಮತ್ತೆ ಬರುತ್ತಿದ್ದ.

ಅವನ ಅಪ್ಪ ಹೇಳಿಕೊಟ್ಟ ಒಂದು ಮಾತನ್ನು ಮೌನೇಶ ದೇವರ ಪಟದ ಹಾಗೆ ತಲೆಯಲ್ಲಿ ತೂಗುಹಾಕಿಕೊಂಡಿದ್ದ. ಆಡದ ಗಾಲಿ ಎತ್ತನ್ನು ಕೊಲ್ಲುತ್ತದೆ. ಅಂದರೆ, ಗಾಡಿಯ ಗಾಲಿ ಅಚ್ಚಿನ ಮೇಲೆ ಬಿಗಿಯಾಗಿ ಕೂರಬಾರದು, ಅತ್ತ ಇತ್ತ ಒಂದು ಬೆರಳಿನಷ್ಟು ಆಡಬೇಕು. ಆಗಲೇ ಕಲ್ಲು ಗುಂಡಿ ಬಂದಾಗ ಪೆಟ್ಟು ಎತ್ತಿನ ಹೆಗಲಿಗೆ ಬೀಳುವುದಿಲ್ಲ. ಎತ್ತಿನಗಾಡಿ ಹೋಗುವಾಗ ಲೊಟಕ್ ಲೊಟಕ್ ಎನ್ನುವುದು ಅದಕ್ಕೇ. ಈ ಮಾತು ಮುಂದೆ ನನ್ನ ಮೊಣಕೈ ಕಿತ್ತುಹಾಕುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ನಾನು ಕರಿಯಪ್ಪ. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಹಾಲಿಗೆ ನೀರು ಬೆರೆಸಿದವರನ್ನು ಮಾಪಕ ಮುಳುಗಿಸುವ ಮೊದಲೇ ಮುಖ ನೋಡಿ ಹೇಳುತ್ತೇನೆ ಎಂಬ ಜಂಬ ನನಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಕೋಪ ಮೂಗಿನ ತುದಿಯಲ್ಲೇ. ಊರಲ್ಲಿ ನನ್ನ ಜೊತೆ ಜಗಳವಾಡದವರು ಇಬ್ಬರೋ ಮೂವರೋ. ಬೆಳಿಗ್ಗೆ ಹಾಲಿನ ವ್ಯಾನು ಹೋದಮೇಲೆ ಮೌನೇಶನ ಚಪ್ಪರದಲ್ಲಿ ಕೂತು, ಯಾರು ಏನೆಂದರು, ನಾನು ಏನು ಬೈದೆ ಎಂದು ಒಂದು ಗಂಟೆ ಒದರುತ್ತಿದ್ದೆ. ಅವನು ಹೂಂಗುಟ್ಟುತ್ತ ಉಳಿ ಮಸೆಯುತ್ತಿದ್ದ. ಎದ್ದು ಬರುವಷ್ಟರಲ್ಲಿ ನನ್ನ ಮೈ ತಣ್ಣಗಾಗಿರುತ್ತಿತ್ತು. ಹದಿನೈದು ವರ್ಷ ಹೀಗೆ ನಡೆದಿತ್ತು. ಆ ಒಂದು ಗಂಟೆ ಇಲ್ಲದಿದ್ದರೆ ನಾನು ಯಾವತ್ತೋ ಯಾರ ಕೈಲೋ ಒದೆ ತಿಂದಿರುತ್ತಿದ್ದೆ.

ಆಮೇಲೆ ಟೈರಿನ ಗಾಡಿಗಳು ಬಂದವು. ಹಳೇ ಲಾರಿಯ ಟೈರು, ಕಬ್ಬಿಣದ ಅಚ್ಚು. ಸದ್ದಿಲ್ಲ, ಎತ್ತಿಗೂ ಹಗುರ, ಕಬ್ಬು ಹೇರಲು ಅನುಕೂಲ. ತಪ್ಪು ಯಾರದೂ ಅಲ್ಲ. ತೊಂಬತ್ತೆರಡರಲ್ಲಿ ಮೌನೇಶ ಮಾಡಿದ ಕೊನೆಯ ಜೊತೆ ಗಾಲಿ ಒಯ್ಯುವವರಿಲ್ಲದೆ ಅವನ ಗೋಡೆಗೇ ಒರಗಿ ನಿಂತಿತು. ಕುಂಟೆ, ಗುದ್ದಲಿ ಕಾವು, ಒಂದೊಂದು ಬಾಗಿಲುವಾಡ ಎಂದು ಎರಡು ವರ್ಷ ತಳ್ಳಿದ. ಒಂದು ದಿನ ಅವನ ಹೆಂಡತಿ ನಿಂಗಮ್ಮ ಹಾಲು ಹಾಕಲು ಬಂದವಳು, ನಾನು ಮಾಪಕ ಮುಳುಗಿಸುತ್ತಿದ್ದಾಗ, ಮೆಲ್ಲಗೆ ಹೇಳಿದಳು. ಮೈಸೂರಿನಲ್ಲಿ ಮರದ ಸಾಮಾನಿನ ಅಂಗಡಿ ಇಟ್ಟಿರುವ ಅವಳಣ್ಣ ಲಕ್ಷ್ಮಣ ಕರೆಯುತ್ತಿದ್ದಾನಂತೆ. ಅಂಗಡಿಯ ಹಿಂದೆ ಒಂದು ರೂಮು ಕೊಡುತ್ತಾನಂತೆ. ಇವರೂ ಸರಿ ಎಂದಿದ್ದಾರಂತೆ.

ಹಸುಗಳನ್ನು ಮಾರಿಬಿಡುತ್ತೀರಾ ಎಂದು ಮಾತ್ರ ಕೇಳಿದೆ. ಅವತ್ತು ಯಾರ ಹಾಲನ್ನೂ ಸರಿಯಾಗಿ ನೋಡಲಿಲ್ಲ, ನೀರು ಬೆರೆಸಿದವರಿಗೆಲ್ಲ ಹಬ್ಬ. ಮನೆಗೆ ಬಂದು ಉಣ್ಣಲು ಕೂತಾಗ ನನ್ನ ಹೆಂಡತಿ ಮಾಯಮ್ಮ ಕ್ಯಾಲೆಂಡರು ನೋಡಿ, ಆಷಾಢ ಇವತ್ತೇ ತಾನೇ ಶುರುವಾಗಿದೆ, ಆಷಾಢದಲ್ಲಿ ಯಾರಾದರೂ ಮನೆ ಬದಲಾಯಿಸುತ್ತಾರಾ ಎಂದಳು. ಹೌದಲ್ಲ. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಬೀಳುವವರೆಗೆ ಅವರು ಪಾತ್ರೆ ಕೂಡ ಆಚೆ ಇಡುವ ಹಾಗಿಲ್ಲ. ನನ್ನ ಕೈಯಲ್ಲಿ ಒಂದು ತಿಂಗಳಿತ್ತು. ಶಾಸ್ತ್ರ ಸಂಪ್ರದಾಯವನ್ನೆಲ್ಲ ಗೇಲಿ ಮಾಡುತ್ತಿದ್ದ ನಾನು ಅವತ್ತು ಆಷಾಢ ಮಾಸಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮಾರನೇ ದಿನವೇ ಕೆ.ಆರ್.ಪೇಟೆಗೆ ಹೋದೆ. ಅಲ್ಲಿ ನಂಜಪ್ಪ ಎನ್ನುವವರದು ಮರ ಕೊಯ್ಯುವ ಮಿಲ್ಲು, ಪಕ್ಕದಲ್ಲೇ ಬಾಗಿಲು ಕಿಟಕಿ ಮಾಡುವ ಕಾರ್ಖಾನೆ. ಗಾಲಿ ಆಚಾರಿಯ ಹೆಸರು ಅವರಿಗೆ ಗೊತ್ತಿತ್ತು, ಅವರ ಅಪ್ಪನ ಗಾಡಿಗೂ ಇವನದೇ ಗಾಲಿ. ಶ್ರಾವಣದ ಮೊದಲ ಸೋಮವಾರದಿಂದ ಬರಲಿ, ದಿನಾ ಕೆಲಸ ಉಂಟು ಎಂದರು. ಆದರೆ ಎಂಟಕ್ಕೆ ಯಂತ್ರ ಶುರುವಾಗುತ್ತದೆ, ಎಂಟೂ ಐದಕ್ಕೆ ಬಂದರೂ ಸೇರಿಸುವುದಿಲ್ಲ. ನಮ್ಮೂರಿನ ಮೊದಲ ಬಸ್ಸು ಪೇಟೆ ಸೇರುವುದು ಒಂಬತ್ತೂವರೆಗೆ. ದೂರ ಏಳು ಮೈಲಿ. ದಿನಾ ಏಳು ಮೈಲಿ ನಡೆದು ಹೋಗಿ, ನಿಂತು ಕೆಲಸ ಮಾಡಿ, ಏಳು ಮೈಲಿ ನಡೆದು ಬರುವುದು ಆಗುವ ಮಾತಲ್ಲ. ಸೈಕಲ್ಲು ತುಳಿದರೆ ಒಂದು ಗಂಟೆ.

ಗೆದ್ದೆ ಎಂದುಕೊಂಡು ಚಪ್ಪರಕ್ಕೆ ಬಂದು ಹೇಳಿದೆ. ಮೌನೇಶ ಉಳಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ನಂಗೆ ಸೈಕಲ್ಲು ಬರಾಕಿಲ್ಲ ಕಣ್ಲಾ,” ಎಂದ.

ನಾನು ನಕ್ಕೆ. ಅವನು ನಗಲಿಲ್ಲ. ಒಂದೊಂದೇ ಮಾತಾಗಿ ಈಚೆಗೆ ಬಂತು. ನಾವೆಲ್ಲ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು ಮಂಡಿ ತರಚಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಅವನು ಅಪ್ಪನ ಜೊತೆ ಬಾಚಿ ಹಿಡಿದಿದ್ದ. ಕಲಿಯಬೇಕು ಎನ್ನುವ ಹೊತ್ತಿಗೆ ಗಾಲಿ ಆಚಾರಿ ಎಂಬ ಹೆಸರು ಬಂದುಬಿಟ್ಟಿತ್ತು.

“ಊರಿಗೆಲ್ಲ ಗಾಲಿ ಮಾಡ್ಕೊಡೋನು ಗಾಲಿ ಮ್ಯಾಲಿಂದ ಬಿದ್ದ ಅಂತ ನಗ್ತಾರೆ,” ಎಂದ. “ಮೈಸೂರಲ್ಲಾದ್ರೆ ನಡ್ಕಂಡೇ ಓಗ್ಬೋದು. ಅಂಗ್ಡಿ ಇಂದ್ಗಡೇನೇ ರೂಮು.”

ನಗೆಗೆ ಹೆದರಿ ಊರು ಬಿಡುತ್ತಾರಾ ಎಂದು ರೇಗಿದೆ. ಮೂವತ್ತು ವರ್ಷದಿಂದ ಅದನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವನಿಗೆ ನನ್ನ ರೇಗಾಟ ಯಾವ ಲೆಕ್ಕ. ಕೊನೆಗೆ ಗೋಗರೆದೆ. ಊರಾಚೆ, ಹೇಮಾವತಿ ನಾಲೆಯ ಏರಿ ಮೇಲೆ, ಹಾಲಿನ ವ್ಯಾನು ಹೋದಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ ಎಂದು ಮಾತು ಕೊಟ್ಟೆ. ಅವನು ಹೂಂ ಎಂದ.

ಹೀಗೆ ನಲವತ್ತೆರಡು ವರ್ಷದ ಇಬ್ಬರು ಗಂಡಸರು, ಪಂಚೆ ಎತ್ತಿ ಕಟ್ಟಿಕೊಂಡು, ಕಳ್ಳರ ಹಾಗೆ ನಾಲೆ ಏರಿಗೆ ಹೋಗತೊಡಗಿದೆವು. ಸೈಕಲ್ಲು ನನ್ನದು, ಆರು ವರ್ಷ ಹಳೆಯದು. ನಾನು ಹಿಂದಿನಿಂದ ಸೀಟು ಹಿಡಿದುಕೊಂಡು ಓಡುವುದು, ಮುಂದೆ ನೋಡ್ಲಾ, ಕೆಳಗೆ ನೋಡಬೇಡ ಎಂದು ಕಿರುಚುವುದು, ಕೈ ಬಿಟ್ಟ ತಕ್ಷಣ ಅವನು ಎಡಕ್ಕೆ ವಾಲಿ ದೊಪ್ಪನೆ ಬೀಳುವುದು. ಮೊದಲ ದಿನ ಎಡಕ್ಕೆ. ಎರಡನೇ ದಿನವೂ ಎಡಕ್ಕೆ. ಆಷಾಢದ ಗಾಳಿ ಮನುಷ್ಯರನ್ನೇ ತಳ್ಳಿಕೊಂಡು ಹೋಗುತ್ತದೆ, ಅದರದ್ದೇ ಕಿತಾಪತಿ ಎಂದುಕೊಂಡು ಆ ಕಡೆಯಿಂದ ಈ ಕಡೆಗೆ ತಿರುಗಿಸಿ ಹೊರಡಿಸಿದೆ. ಗಾಳಿ ತಿರುಗಿತು, ಅವನು ಮಾತ್ರ ಎಡಕ್ಕೇ ಬಿದ್ದ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಸೀಟು ಹಿಡಿದಿದ್ದರೆ ಸಲೀಸಾಗಿ ತುಳಿಯುತ್ತಾನೆ, ಬಿಟ್ಟರೆ ಹತ್ತು ಮಾರು ಹೋಗಿ ಎಡಕ್ಕೆ. ಮನೆಯಲ್ಲಿ ನಿಂಗಮ್ಮ ಹಾಸಿಗೆ ಬಟ್ಟೆ ಒಗೆದು ಒಣಗಿಸಲು ಶುರುಮಾಡಿದ್ದಳು.

ಇಪ್ಪತ್ತನೇ ದಿನವೋ ಏನೋ, ಬಿದ್ದವನು ಏಳದೆ ಕೂತಲ್ಲೇ ಮುಂದಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಕಣ್ಣು ಮುಚ್ಚಿ ಸದ್ದು ಕೇಳಿದ. ಆಮೇಲೆ ಹೇಳಿದ, “ಕರಿಯಪ್ಪ, ಇದು ಎಡಕ್ಕೆಳೀತದೆ. ಗಾಲಿ ನೆಟ್ಗಿಲ್ಲ.”

ಆರು ವರ್ಷದಿಂದ ನಾನು ದಿನಾ ಓಡಿಸುವ ಸೈಕಲ್ಲು. ಒಂದು ಸಲ ಬಿದ್ದವನಲ್ಲ. ಹತ್ತಲು ಬಾರದವನು ಅದಕ್ಕೆ ಹೆಸರಿಡುತ್ತಾನೆ. ಅಷ್ಟು ದಿನ ತಡೆದುಕೊಂಡಿದ್ದ ಕೋಪವೆಲ್ಲ ಒಟ್ಟಿಗೆ ಬಂತು.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ,” ಎಂದುಬಿಟ್ಟೆ.

ಅಷ್ಟೇ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಆದರೆ ಅದೇ ಹೊತ್ತಿಗೆ ಏರಿಯ ಕೆಳಗೆ ಎಮ್ಮೆ ಮೈ ತೊಳೆಯುತ್ತಿದ್ದ ಬೋರಯ್ಯನಿಗೆ ಅದು ಕೇಳಿಸಿತು. ಅವನು ತಲೆ ಎತ್ತಿ, ಕೆಳಗೆ ಬಿದ್ದಿರುವ ಗಾಲಿ ಆಚಾರಿಯನ್ನು ನೋಡಿ, ಎಮ್ಮೆ ಬೆದರುವಷ್ಟು ಜೋರಾಗಿ ನಕ್ಕ. ಮೌನೇಶ ಎದ್ದು, ಟವೆಲ್ಲಿನಿಂದ ಮಣ್ಣು ಕೊಡವಿಕೊಂಡು ಊರ ಕಡೆ ನಡೆದ. ನಾನು ಸೈಕಲ್ಲು ತಳ್ಳಿಕೊಂಡು ದೂರದಿಂದ ಹಿಂದೆ ಬಂದೆ. ಅವನ ಬೆನ್ನು ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ಆದರೂ ಕರೆಯಲಿಲ್ಲ, ಕರೆದರೆ ನಾನು ಕರಿಯಪ್ಪನೇ ಅಲ್ಲ.

ಐದು ದಿನ ಚಪ್ಪರದ ಕಡೆ ಹೋಗಲಿಲ್ಲ. ನಿಂಗಮ್ಮ ಹಾಲು ಹಾಕಲು ಬಂದರೆ ತಲೆ ಎತ್ತುತ್ತಿರಲಿಲ್ಲ. ಅವಳೇ ಹೇಳಿದಳು, ಪಾತ್ರೆ ಗಂಟು ಕಟ್ಟುತ್ತಿದ್ದೇನೆ, ಸೋಮವಾರ ಹೊರಡುವುದು ಎಂದು. ಅವತ್ತು ಶುಕ್ರವಾರ. ಭಾನುವಾರ ಭೀಮನ ಅಮಾವಾಸ್ಯೆ, ಸೋಮವಾರ ಶ್ರಾವಣ. ಗೋಡೆಗೆ ಒರಗಿರುವ ಆ ಗಾಲಿಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ನಿಮಗೇ ಕೊಡು ಅಂದವ್ರೆ ಎಂದಳು.

ವ್ಯಾನು ಹೋದ ತಕ್ಷಣ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಚಪ್ಪರದ ಕಂಬಕ್ಕೆ ಒರಗಿಸಿದೆ. ಮೌನೇಶ ಉಪಕರಣಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತುತ್ತಿದ್ದ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ಬುಡದವರೆಗೆ ಬಂದು ನಿಂತಿತು. ಅದರ ಬದಲು, ಏನು ಡೊಂಕದೆ ನೀನೇ ನೋಡು, ಬೆಳಿಗ್ಗೆ ತಗೊಂಡು ಹೋಗ್ತೀನಿ ಎಂದು ಗೋಡೆಗೆ ಹೇಳುವ ಹಾಗೆ ಹೇಳಿ ಬಂದೆ. ಹಿಂದೆ ಸುತ್ತಿದ ಬಟ್ಟೆ ಬಿಚ್ಚುವ ಸದ್ದು ಕೇಳಿಸಿತು. ಅಷ್ಟಕ್ಕೇ ಅರ್ಧ ಜೀವ ಬಂದಂತಾಯಿತು.

ಶನಿವಾರ ಬೆಳಿಗ್ಗೆ ಆರೂವರೆ. ಡೈರಿಯ ಮುಂದೆ ಹಾಲು ಹಾಕುವವರ ಸಾಲು. ನಾನು ಚಪ್ಪರಕ್ಕೆ ಹೋದಾಗ ಅವನು ಒಳಗಿದ್ದ, ಸೈಕಲ್ಲು ಮಾತ್ರ ಆಚೆ ನಿಂತಿತ್ತು. ಗಾಲಿಯ ಸುತ್ತ ಸೀಮೆಸುಣ್ಣದ ಗುರುತು. ಅವಸರದಲ್ಲಿದ್ದೆ, ಏನೂ ನೋಡದೆ ಹತ್ತಿ ಇಳಿಜಾರಿಗೆ ಬಿಟ್ಟೆ. ಎರಡು ಮನೆ ದಾಟುವಷ್ಟರಲ್ಲಿ ಮುಂದಿನ ಗಾಲಿ ಹಾವು ಹರಿದ ಹಾಗೆ ಅತ್ತ ಇತ್ತ ಆಡತೊಡಗಿತು. ಬ್ರೇಕು ಹಿಡಿದರೆ ಇನ್ನೂ ಜಾಸ್ತಿ. ಲೊಟಕ್ ಲೊಟಕ್ ಎನ್ನುವ ಸದ್ದು ಕಿವಿಗೆ ಬಿತ್ತು, ಅದು ನನಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಅಷ್ಟರಲ್ಲಿ ಇಡೀ ಊರಿನ ಕಣ್ಣೆದುರು, ಡೈರಿಯ ಬಾಗಿಲಲ್ಲಿ, ಕ್ಯಾನು ತೊಳೆದ ನೀರು ನಿಂತ ಕೆಸರಿಗೆ ಮುಖ ಅಡಿಯಾಗಿ ಬಿದ್ದೆ.

ನಾನು ತಲೆ ಎತ್ತಿದೆ, ಮೀಸೆಯಿಂದ ಕೆಸರು ಇಳಿಯುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಷ್ಟೋ ದಿನದಿಂದ ನನ್ನಿಂದ ನೀರಿನ ಹಾಲು ಎಂದು ಬೈಸಿಕೊಂಡವರು ಸೆರಗು ಬಾಯಿಗಿಟ್ಟುಕೊಂಡು, ಚೊಂಬು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೌನೇಶ ಓಡಿಬಂದ. ನನ್ನ ಮೊಣಕೈ ಹಿಡಿದು, ಮಡಿಸಿ, ಬಿಡಿಸಿ, ಬೆರಳು ಒಂದೊಂದಾಗಿ ಎಳೆದು ನೋಡಿದ.

ಗಾಲಿಗೆ ಏನು ಮಾಡಿದೆ ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

“ವಸಿ ಸಡಿಲ ಬುಟ್ಟೆ,” ಎಂದ ತಗ್ಗಿದ ದನಿಯಲ್ಲಿ. “ತೀರ ಬಿಗಿಯಾಗಿತ್ತು ಕಣ್ಲಾ, ಆಡ್ತಾನೇ ಇರ್ನಿಲ್ಲ. ಒಂದ್ ಬೆರ್ಳು ಬುಡಾಕಾಗ್ನಿಲ್ಲ, ಒಂದ್ ಭತ್ತದಷ್ಟು ಬುಟ್ಟಿವ್ನಿ.”

ಸೈಕಲ್ಲಿನ ಗುಂಬದ ನಟ್ಟುಗಳನ್ನು ಸಡಿಲಿಸಿ, ಎತ್ತಿನಗಾಡಿಯ ಗಾಲಿಯ ಹಾಗೆ ಆಡಲು ಜಾಗ ಬಿಟ್ಟಿದ್ದ. ಇದನ್ನು ನಮ್ಮ ತಾಲ್ಲೂಕಿನಲ್ಲಿ ಮಾಡಬಲ್ಲವನು ಅವನೊಬ್ಬನೇ. ಬಾಯಿತುಂಬ ಬೈಯಬೇಕೆಂದು ಬಾಯಿ ತೆರೆದೆ, ಯಾಕೋ ನಗು ಬಂತು. ಕೆಸರಲ್ಲಿ ಕೂತುಕೊಂಡೇ ನಕ್ಕೆ. ಕೈ ಮುರಿದಿರಲಿಲ್ಲ, ಚರ್ಮ ಕಿತ್ತಿತ್ತು ಅಷ್ಟೇ.

ಮೌನೇಶ ನನ್ನ ಜೊತೆ ನಗಲಿಲ್ಲ. ಅವನು ಸಾಲನ್ನೇ ನೋಡುತ್ತಿದ್ದ. ನಕ್ಕವರೆಲ್ಲ ಕಣ್ಣೊರೆಸಿಕೊಂಡು ಚೊಂಬು ಎತ್ತಿಕೊಂಡಾಗಿತ್ತು. ಯಾರದೋ ಹಸು ಕರು ಹಾಕಿದ ಮಾತು ಶುರುವಾಗಿತ್ತು. ಬೇಗ ಬಂದು ಹಾಲು ನೋಡಿ, ಹೊತ್ತಾಯ್ತದೆ ಎಂದು ಒಬ್ಬಾಕೆ ನನ್ನನ್ನೇ ಗದರಿಸಿದಳು.

“ಇಷ್ಟೇಯಾ?” ಎಂದ ಮೌನೇಶ.

“ಏನು ಇಷ್ಟೇಯಾ?”

“ಬಿದ್ರೆ ಇಷ್ಟೇಯಾ ನಗಾದು?”

ಇಷ್ಟೇ ಎಂದೆ. ಮೂವತ್ತು ವರ್ಷ ಅವನು ಹೆದರಿದ ಆ ನಗೆ ಒಂದು ಲೀಟರು ಹಾಲು ಅಳೆಯುವಷ್ಟು ಹೊತ್ತೂ ನಿಲ್ಲಲಿಲ್ಲ. ಅವನು ಸೈಕಲ್ಲು ಎತ್ತಿ ನಿಲ್ಲಿಸಿದ. ವ್ಯಾನು ಹೋಗಲಿ, ಬೂಕನಕೆರೆಗೆ ಹೋಗೋಣ ಎಂದು ಅವನೇ ಹೇಳಿದ. ಐದು ದಿನದ ಮುನಿಸು ಅಲ್ಲಿಗೆ ಮುಗಿಯಿತು. ಯಾರೂ ಯಾರಿಗೂ ತಪ್ಪಾಯಿತು ಎನ್ನಲಿಲ್ಲ.

ಬೂಕನಕೆರೆಯಲ್ಲಿ ತಮ್ಮಯ್ಯನ ಸೈಕಲ್ ಶಾಪು. ಮುಂದಿನ ಗಾಲಿ ಬಿಚ್ಚಿದಾಗ ಗುಂಬದಿಂದ ಪುಟ್ಟ ಪುಟ್ಟ ಗುಂಡುಗಳು ಉದುರಿ ಬಟ್ಟೆಯ ಮೇಲೆ ಬಿದ್ದವು. ಮೌನೇಶ ಮಂಡಿಯೂರಿ ಕೂತು ಒಂದೊಂದನ್ನೇ ಅಂಗೈಯಲ್ಲಿ ಉರುಳಿಸಿ ನೋಡಿದ. ಓಹೋ, ಇದ್ರೊಳ್ಗೇ ಆಡ್ತದೆ, ಆಚೆ ಆಡ್ಬಾರ್ದು ಎಂದು ತನಗೇ ಹೇಳಿಕೊಂಡ. ಅಪ್ಪನ ಮಾತು ಸುಳ್ಳಾಗಲಿಲ್ಲವೆಂದು ಅವನಿಗೆ ಸಮಾಧಾನವಾದದ್ದು ಮುಖದಲ್ಲೇ ಕಂಡಿತು. ತಮ್ಮಯ್ಯ ಗುಂಡು ತುಂಬಿ, ಗ್ರೀಸು ಹಚ್ಚಿ ಬಿಗಿಮಾಡಿದ. ಇನ್ನೇನು ಕೂರಿಸಬೇಕು, ಮೌನೇಶ ತಡೆದ. ಗಾಲಿಯನ್ನು ತಿರುಗಿಸಲು ಹೇಳಿ, ಕಣ್ಣು ಮುಚ್ಚಿಕೊಂಡು, ಇಲ್ಲಿ ಎಂದು ಬೆರಳಿಟ್ಟ. ಅಲ್ಲೇ ಅವನು ಹಿಂದಿನ ದಿನ ಹಾಕಿದ್ದ ಸೀಮೆಸುಣ್ಣದ ಗುರುತೂ ಇತ್ತು. ಆಮೇಲೆ ಗಾಲಿಯನ್ನು ಹಿಡಿದುಕೊಳ್ಳುವ ಎರಡು ಕಾಲಿನ ಕವೆಗೆ ಒಂದು ದಾರ ಹಿಡಿದು ತೋರಿಸಿದ.

ತಮ್ಮಯ್ಯ ಬಗ್ಗಿ ನೋಡಿದ. ಇನ್ನೊಂದು ಸಲ ನೋಡಿದ. “ಆಚಾರ್ರು ಹೇಳಾದು ಸರಿಯಾಗದೆ. ಕವೆ ಎಡಕ್ಕೆ ಬಗ್ಗದೆ, ರಿಮ್ಮೂ ಬಗ್ಗದೆ. ಇದನ್ನ ಎಂಗೆ ಓಡಿಸ್ತಿದ್ರಿ ಕರಿಯಪ್ಪಣ್ಣ?”

ಹೇಗೆ ಓಡಿಸುತ್ತಿದ್ದೆ. ಆರು ವರ್ಷದಿಂದ ಹಾಲಿನ ಕ್ಯಾನು, ಹಿಂಡಿಯ ಚೀಲ ಎಲ್ಲವನ್ನೂ ಹ್ಯಾಂಡಲಿನ ಎಡಗಡೆಗೇ ನೇತುಹಾಕುತ್ತಿದ್ದೆ. ಸೈಕಲ್ಲು ದಿನಕ್ಕೊಂದು ಕೂದಲಿನಷ್ಟು ಎಡಕ್ಕೆ ಬಾಗಿತ್ತು, ನಾನೂ ದಿನಕ್ಕೊಂದು ಕೂದಲಿನಷ್ಟು ಬಲಕ್ಕೆ ಹ್ಯಾಂಡಲು ತಿರುಗಿಸಿ ಹಿಡಿಯುವುದನ್ನು ಕಲಿತಿದ್ದೆ. ಹಾಲಿನಲ್ಲಿ ನೀರು ಕಂಡುಹಿಡಿಯುವ ಜಾಣ. ನೆಲ ಡೊಂಕಾಗಿಯೇ ಇತ್ತು, ಮೌನೇಶ ಇಪ್ಪತ್ತು ದಿನ ಆ ಡೊಂಕು ನೆಲದ ಮೇಲೆ ಕುಣಿದು ಬಿದ್ದಿದ್ದ, ನಾನು ಅವನಿಗೆ ಗಾದೆ ಹೇಳಿದ್ದೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅದನ್ನೆಲ್ಲ ನೆನೆದೆ.

“ತಪ್ಪಾಯ್ತು ಕಣ್ಲಾ,” ಎಂದೆ. ಅದು ಈ ಸಲ ಹೇಗೋ ಆಚೆ ಬಂತು.

ಮೌನೇಶ ದಾರ ಸುತ್ತುತ್ತ, ಬುಡು ಬುಡು ಎಂದ.

ತಮ್ಮಯ್ಯ ಕವೆ ಬಡಿದು ನೆಟ್ಟಗೆ ಮಾಡಿ, ಕಡ್ಡಿಗಳನ್ನು ಮೌನೇಶ ಹೇಳಿದ ಹಾಗೆ ಬಿಗಿಮಾಡಿ ಸಡಿಲಿಸಿ ಮುಗಿಸಿದ ಮೇಲೆ ಮೊದಲು ನಾನು ಹತ್ತಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಬಲಗಡೆಯ ಬೇಲಿಗೆ ನುಗ್ಗಿದೆ. ನೆಟ್ಟಗಿರುವ ಸೈಕಲ್ಲು ಓಡಿಸಲು ನನಗೇ ಬರುತ್ತಿರಲಿಲ್ಲ. ತಮ್ಮಯ್ಯ ಸ್ಪಾನರು ಕೆಳಗಿಟ್ಟು ನಕ್ಕ. ಆಮೇಲೆ ಮೌನೇಶ ಹತ್ತಿದ. ನಾನು ಸೀಟು ಹಿಡಿದು ಓಡಿದೆ. ಮುಂದೆ ನೋಡು ಎಂದು ಹೇಳಬೇಕಾಗಿಯೇ ಬರಲಿಲ್ಲ, ಅವನು ಮುಂದೆಯೇ ನೋಡುತ್ತಿದ್ದ. ಆಲದ ಮರದ ಹತ್ತಿರ ಕೈ ಬಿಟ್ಟೆ. ಹತ್ತು ಮಾರು ಹೋದ. ಇಪ್ಪತ್ತು ಮಾರು ಹೋದ. ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳಿಕೊಂಡೆ, ತೆರೆದಾಗ ಅವನು ದೂರದ ತಿರುವಿನಲ್ಲಿ ಚಿಕ್ಕದಾಗಿ ಕಾಣುತ್ತಿದ್ದ. ಇಳಿಯುವುದು ಹೇಗೆಂದು ನಾನು ಹೇಳಿಕೊಟ್ಟಿರಲಿಲ್ಲ. ಊರು ಬರುವವರೆಗೆ ಅವನು ಇಳಿಯಲೇ ಇಲ್ಲವಂತೆ, ಕೊನೆಗೆ ತನ್ನ ಚಪ್ಪರದ ಕಂಬ ತಬ್ಬಿಕೊಂಡು ನಿಂತನಂತೆ. ನಾನು ಒಂದೂವರೆ ಮೈಲಿ ನಡೆದುಕೊಂಡು ಬಂದೆ. ಅಷ್ಟು ಸುಖವಾಗಿ ನಾನು ಯಾವತ್ತೂ ನಡೆದಿಲ್ಲ.

ಭಾನುವಾರ ನಿಂಗಮ್ಮ ಗಂಡನ ಪಾದ ತೊಳೆದು, ಪೂಜೆ ಮಾಡಿ, ಅವನ ಕೈಗೆ ಅರಿಶಿನದ ದಾರ ಕಟ್ಟಿದಳು. ಉಳಿದ ಹೊತ್ತೆಲ್ಲ ಅವನು ಹತ್ತುವುದು ಇಳಿಯುವುದು ಅಭ್ಯಾಸ ಮಾಡಿದ, ಊರೊಳಗೇ, ಎಲ್ಲರೆದುರು. ಎರಡು ಸಲ ಬಿದ್ದ. ಬೋರಯ್ಯ ನಕ್ಕ. ಮೌನೇಶ ಮಂಡಿ ಒರೆಸಿಕೊಂಡು ಮತ್ತೆ ಹತ್ತಿದ. ಪಾತ್ರೆಯ ಗಂಟುಗಳು ಮಾತ್ರ ಕಟ್ಟಿದ ಹಾಗೇ ಇದ್ದವು. ಸೋಮವಾರ ಸಾಯಂಕಾಲದವರೆಗೆ ನೋಡುತ್ತೇನೆ, ಆಗದಿದ್ದರೆ ಮಂಗಳವಾರ ಬೇಡ, ಬುಧವಾರ ಹೊರಡುವುದು ಎಂದು ನಿಂಗಮ್ಮ ಖಂಡಿತವಾಗಿ ಹೇಳಿದ್ದಳು. ಅವಳನ್ನೂ ಅನ್ನುವ ಹಾಗಿರಲಿಲ್ಲ.

ಇದೆಲ್ಲ ಆಗಿ ಐದು ವರ್ಷವಾಯಿತು. ಮೌನೇಶ ಈಗ ಸ್ವಂತ ಸೈಕಲ್ಲು ಕೊಂಡಿದ್ದಾನೆ. ಅಂಗಡಿಯಿಂದ ಹೊಸದಾಗಿ ತಂದ ದಿನವೇ ಗಾಲಿ ತಿರುಗಿಸಿ, ಕಣ್ಣು ಮುಚ್ಚಿ ಸದ್ದು ಕೇಳಿ, ಇನ್ನೂ ವಸಿ ಅದೆ ಎಂದು ತಮ್ಮಯ್ಯನ ಹತ್ತಿರ ಒಯ್ದ. ನಂಜಪ್ಪನವರ ಕಾರ್ಖಾನೆಯಲ್ಲಿ ಈಗ ಬಾಗಿಲಿನ ಕೆತ್ತನೆಯೆಲ್ಲ ಅವನದೇ. ನಮ್ಮ ಒಂದು ಗಂಟೆಯ ಮಾತು ಬೆಳಿಗ್ಗೆಯಿಂದ ಸಾಯಂಕಾಲಕ್ಕೆ ಬಂದಿದೆ. ಒರಗಿ ನಿಂತ ಆ ಜೊತೆ ಗಾಲಿ ಈಗಲೂ ಅಲ್ಲೇ ಇದೆ, ನಾನು ಅದಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಆದರೆ ಆ ಸೋಮವಾರದ ಸಾಯಂಕಾಲವನ್ನು ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ.

ಅವತ್ತು ಬೆಳಿಗ್ಗೆ ಆರೂವರೆಗೆ, ಹಾಲಿನ ಸಾಲು ನೋಡುತ್ತಿರುವಂತೆಯೇ, ಅವನು ಉಪಕರಣದ ಚೀಲ ನನ್ನ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಡೈರಿಯ ಮುಂದೆ ದಾಟಿ ಹೋದ. ಆಮೇಲೆ ಇಡೀ ದಿನ ನನಗೆ ಕೆಟ್ಟ ಕೆಟ್ಟ ಯೋಚನೆ. ಪೇಟೆ ರಸ್ತೆಯಲ್ಲಿ ಕಬ್ಬಿನ ಲಾರಿಗಳು. ಎಂಟಕ್ಕೆ ಮುಟ್ಟಿದನೋ ಇಲ್ಲವೋ. ಬಿದ್ದು ಕೈಗೆ ಏನಾದರೂ ಆದರೆ, ಆ ಕೈಯಲ್ಲೇ ತಾನೇ ಅವನ ಬದುಕು, ಅವನನ್ನು ಸೈಕಲ್ಲಿಗೆ ಹತ್ತಿಸಿದವನು ನಾನು. ಸಾಯಂಕಾಲದ ಹಾಲು ಮುಗಿದು ಆರೂವರೆಯಾದರೂ ಅವನ ಸುಳಿವಿಲ್ಲ. ನಿಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಲಾರದೆ ಪೇಟೆ ರಸ್ತೆ ಹಿಡಿದು ನಡೆದೆ. ಒಂದು ಮೈಲಿ ನಡೆದಿರಬೇಕು. ನಾಲೆಯ ಸೇತುವೆಯ ಆಚೆ, ಇಳಿಹೊತ್ತಿನ ಬೆಳಕಿನಲ್ಲಿ, ಒಂದು ಸೈಕಲ್ಲು ಕಂಡಿತು. ನೆಟ್ಟಗೆ, ರಸ್ತೆಯ ಮಧ್ಯದಲ್ಲಿ, ಯಾವ ಕಡೆಗೂ ವಾಲದೆ ಬರುತ್ತಿತ್ತು. ಸೇತುವೆಯ ಕಟ್ಟೆ ಮೇಲೆ ಕೂತುಬಿಟ್ಟೆ. ಕಣ್ಣು ಒದ್ದೆಯಾಗಿತ್ತು.

ಮೌನೇಶ ನನ್ನ ಮುಂದೆ ಬಂದು, ಚೆನ್ನಾಗಿ ಬ್ರೇಕು ಹಿಡಿದು, ಕಾಲೂರಿ ನಿಂತ. ಇಲ್ಲೇನು ಮಾಡ್ತಿದ್ದೀಯ ಎಂದು ಕೇಳಿದ. ಎಮ್ಮೆ ಹುಡುಕುತ್ತಿದ್ದೇನೆ ಎಂದೆ. ಎಮ್ಮೆ ಮಾರಿ ಎರಡು ವರ್ಷವಾಯಿತಲ್ಲ ಎಂದ. ಅವನು ಚೀಲ ಬಿಚ್ಚಿ, ಅರ್ಧ ಉಪಕರಣ ಟವೆಲ್ಲಿನಲ್ಲಿ ಗಂಟು ಕಟ್ಟಿ, ಹ್ಯಾಂಡಲಿನ ಎರಡೂ ಕಡೆಗೆ ಸಮವಾಗಿ ನೇತುಹಾಕಿದ, ಕ್ಯಾರಿಯರು ಖಾಲಿಯಾಯಿತು. ಏಳೂ ಮುಕ್ಕಾಲಿಗೇ ಮುಟ್ಟಿದನಂತೆ. ಒಂದು ಕಲ್ಯಾಣಮಂಟಪದ ಬಾಗಿಲುಗಳನ್ನು ಪೂರ್ತಿ ಅವನಿಗೇ ಒಪ್ಪಿಸಿದ್ದಾರಂತೆ, ಅಳತೆ ತೆಗೆಯುವುದರಲ್ಲಿ ಹೊತ್ತಾಯಿತಂತೆ.

“ಗಂಟು ಬಿಚ್ಚಾಕೇಳ್ಬೇಕು ನಿಂಗಮ್ಮಂಗೆ,” ಎಂದ. ಆಮೇಲೆ, “ಹತ್ಲಾ ಇಂದ್ಕೆ.”

ಜೀವನದಲ್ಲಿ ಮೊದಲ ಸಲ ನನ್ನ ಸೈಕಲ್ಲಿನ ಹಿಂದೆ ನಾನು ಕೂತೆ. ಮೌನೇಶ ತುಳಿದ. ಗಾಳಿ ಬೀಸುತ್ತಿತ್ತು, ಗಾಲಿ ಸದ್ದಿಲ್ಲದೆ ಉರುಳುತ್ತಿತ್ತು. ನೂರು ಮಾರು ಹೋಗಿರಬೇಕು, ಅವನು ಹಿಂದೆ ತಿರುಗದೆ, ಮುಂದೆಯೇ ನೋಡುತ್ತ ಹೇಳಿದ.

“ನೆಟ್ಗೆ ಕೂತ್ಕಳ್ಲಾ. ಬಲಕ್ಕೆಳೀತದೆ.”

ನಾನು ನೆಟ್ಟಗೆ ಕೂತೆ.